ಬೆನ್ನು ತಿರುಗಿಸಿ ನಿಂತ ಮ್ಯಾನೇಜರ್

ನಮ್ಮ ಚಳ್ಳಕೆರೆಯ ಬಾಸ್ಕೆಟ್‌ಬಾಲ್ ತಂಡದ ಇತಿಹಾಸ ಬರೆಯಲು ನನ್ನ ಸೋದರಮಾವನಿಗಿಂತ ಯೋಗ್ಯ ವ್ಯಕ್ತಿ ಇನ್ನೊಬ್ಬನಿಲ್ಲ. ತಂಡ ಹುಟ್ಟಿದ ದಿನದಿಂದ ಮುಚ್ಚುವ ದಿನದವರೆಗೂ ಅವನೇ ಮ್ಯಾನೇಜರ್. ಊರಲ್ಲಾಗಲಿ ಪರವೂರಲ್ಲಾಗಲಿ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಒಂದೇ ಒಂದು ಸಣ್ಣ ತೊಡಕು. ಮೊದಲ ಪಂದ್ಯದ ಶುರುವಿನ ಸ್ವಲ್ಪ ಹೊತ್ತು ಬಿಟ್ಟರೆ, ಆ ಮಹಾನುಭಾವ ಈ ವರ್ಷದವರೆಗೂ ತನ್ನ ತಂಡ ಆಡುವುದನ್ನು ಕಣ್ಣಿಂದ ನೋಡಿಯೇ ಇರಲಿಲ್ಲ!

ಚಳ್ಳಕೆರೆಯಲ್ಲಿ ಬಾಸ್ಕೆಟ್‌ಬಾಲೇ, ಅದೂ ಸಂಬಳ ಕೊಟ್ಟು ಆಡಿಸುವ ತಂಡವೇ ಎಂದು ನೀವು ಹುಬ್ಬೇರಿಸಬಹುದು. ನಾವೂ ಏರಿಸಿದ್ದೆವು. ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರಿಗೆ ಕಾಲೇಜು ದಿನಗಳ ಹುಚ್ಚು ಮುದಿ ವಯಸ್ಸಿನಲ್ಲಿ ಮರುಕಳಿಸಿತು. ಶೇಂಗಾ ಒಣಗಿಸುವ ಸಿಮೆಂಟು ಕಣದ ಎರಡೂ ತುದಿಗೆ ಕಂಬ ನೆಡಿಸಿದರು. ಸುತ್ತಮುತ್ತಲ ಹಳ್ಳಿಗಳ ಉದ್ದುದ್ದನೆಯ ಹುಡುಗರನ್ನೆಲ್ಲ ಹುಡುಕಿ ತಂದರು. ತಿಂಗಳ ಸಂಬಳದ ಜೊತೆಗೆ ಒಂದು ಡಬ್ಬಿ ಶೇಂಗಾ ಎಣ್ಣೆ ಎಂದು ಸಾರಿದರು. ವರ್ಷಗಟ್ಟಲೆ ಎಣ್ಣೆ ಕುಡಿದ ಆ ಕಣದಲ್ಲಿ ಜಾರದೆ ಓಡುವುದನ್ನು ನಮ್ಮವರು ಹೇಗೋ ಕಲಿತರು. ಹೊರಗಿನ ತಂಡದವರು ಅದನ್ನು ಕಲಿಯುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತಿತ್ತು! ನಾವು ರಾಜ್ಯದ ಲೀಗಿಗೆ ಏರಿದ್ದು ಹೀಗೆ. ಊರಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ.

ಇಂಥ ತಂಡಕ್ಕೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಮಾವ ಬಂದು ಸೇರಿದ್ದು ಹೇಗೆ? ಸಾಹುಕಾರರ ಮಗಳ ಮದುವೆಗೆ ಸೀರೆ ಕೊಡಲು ಬಂದವನು, ಹಿಡಿದುಕೊಳ್ಳಲು ಕಂಬಿಯಿಲ್ಲದ ಮಹಡಿ ಮೆಟ್ಟಿಲು ಹತ್ತಲು ಹೆದರಿ ಕೆಳಗೇ ನಿಂತಿದ್ದನಂತೆ. "ಇಷ್ಟು ಹೆದರೋ ಮನುಷ್ಯ ಹುಡುಗ್ರನ್ನ ಜ್ವಾಪಾನವಾಗಿ ನೋಡ್ಕೊಂತಾನೆ" ಎಂದು ಸಾಹುಕಾರರು ನಿಂತಲ್ಲೇ ಕೆಲಸ ಕೊಟ್ಟರು. ಬೇಡ ಅನ್ನಲು ಹೆದರಿಕೆಯಾಗಿ ಮಾವ ಹೂಂ ಅಂದ.

ಅವನು ಹೆದರದೇ ಇದ್ದದ್ದು ಯಾವುದಕ್ಕೆ ಎಂದು ಕೇಳಿ, ಬೇಗ ಮುಗಿಯುತ್ತದೆ. ಮೊಳಕಾಲ್ಮೂರಿಂದ ಬಸ್ಸಿನಲ್ಲಿ ಬರುವಾಗ ಬಿ.ಜಿ. ಕೆರೆಯವರೆಗೆ ಬ್ರೇಕು ಹಿಡಿಯಲಿಕ್ಕಿಲ್ಲ ಎಂಬ ಭಯ. ತಳಕು ದಾಟಿದ ಮೇಲೆ, ಹಿಡಿದ ಬ್ರೇಕು ಬಿಡಲಿಕ್ಕಿಲ್ಲ ಎಂಬ ಭಯ! ಮದುವೆಗೂ ಹೆದರಿದ್ದರಿಂದ ಹೆಂಡತಿ ಮಕ್ಕಳಿಲ್ಲ. ಮಿಲ್ಲಿನ ಹಿಂದಿನ ಹಳೇ ಮನೆಯಲ್ಲಿ ಆಟಗಾರರನ್ನು ಇಳಿಸಿದಾಗ ಮಾವನಿಗೆ ಮೊದಲು ಕಂಡದ್ದು ಅದರ ಗಿಡ್ಡ ಬಾಗಿಲುಗಳು. ಮಗ್ಗದ ಮನೆಯಿಂದ ರೇಷ್ಮೆ ಚೂರುಗಳನ್ನು ಮೂಟೆ ಕಟ್ಟಿ ತಂದು, ದಿಂಬು ಹೊಲಿದು, ಒಂದೊಂದು ಬಾಗಿಲ ಮೇಲ್ಪಟ್ಟಿಗೂ ಬಿಗಿದ. ಜರಿ ಮಿಂಚುವ ಆ ಬಾಗಿಲುಗಳನ್ನು ನೋಡಿ ಹಾಲಿನವನು "ಯಾರ್ದ್ರೀ ಮದುವೆ?" ಎಂದು ದಿನಾ ಕೇಳುತ್ತಿದ್ದ.

ಆದರೆ ಮಾವನ ಹೆದರಿಕೆಗಳಲ್ಲೆಲ್ಲ ದೊಡ್ಡದು ತನ್ನ ಕಣ್ಣಿನದು. ಬೇರೆಯವರ ದೃಷ್ಟಿಗೆ ಹೆದರುವವರು ಊರ ತುಂಬ ಇದ್ದಾರೆ. ತನ್ನ ದೃಷ್ಟಿಗೆ ತಾನೇ ಹೆದರುವ ಪ್ರಾಣಿಯನ್ನು ನೀವು ಕಂಡಿದ್ದೀರಾ? ಹರೆಯದಲ್ಲಿ ಒಮ್ಮೆ ತಾನು ನೇಯುತ್ತಿದ್ದ ಸೀರೆಯ ಸೆರಗು ನೋಡಿ "ಆಹಾ" ಅಂದನಂತೆ, ಪಟಪಟನೆ ಮಗ್ಗದ ಹಾಸಿನ ಎಳೆಗಳು ಕಿತ್ತುಹೋದವು. ಆಮೇಲೆ ತಂಡದ ಮೊದಲ ಪಂದ್ಯ. ತಳಕಿನ ಓಬಳೇಶ, ನಮ್ಮವರಲ್ಲೆಲ್ಲ ಉದ್ದನೆಯವನು, ಚೆಂಡು ಹಿಡಿದು ನೆಗೆದ. "ಎಂಥಾ ಚಂದ ಎಗರ್ತಾನಪ್ಪಾ!" ಎಂದು ಮಾವ ಬಾಯಿ ತೆರೆದ. ಓಬಳೇಶ ಕೆಳಗೆ ಬಂದದ್ದು ಮುರಿದ ಕಾಲಿನೊಂದಿಗೆ. ಕಾಲು ಕೂಡಿಕೊಳ್ಳುವವರೆಗೂ ಆಸ್ಪತ್ರೆಯಲ್ಲಿ ಅವನಿಗೆ ಅನ್ನ ಕಲಸಿ ತಿನ್ನಿಸಿದವನು ಮಾವನೇ, ಅದೂ ಮುಖ ಅತ್ತ ತಿರುಗಿಸಿಕೊಂಡು! ಅರ್ಧ ಅನ್ನ ಕಿವಿಗೆ ಹೋಗುತ್ತಿತ್ತು.

ಅಂದಿನಿಂದ ಪಂದ್ಯ ಶುರುವಾದರೆ ಮಾವ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ದಾವಣಗೆರೆಯಲ್ಲಿ ಒಮ್ಮೆ ಕಾವಲಿನವನು ಓಡಿ ಬಂದು, "ಯಜಮಾನ್ರೇ, ಇಲ್ಲಿ ಮಾಡಂಗಿಲ್ಲ, ಆ ಕಡೆ ಐತೆ ನೋಡ್ರಿ" ಎಂದು ತೋಳು ಹಿಡಿದು ಕರೆದುಕೊಂಡು ಹೋದ. ಹೆದರಿಕೆಗೆ ಮಾವ ಹೋಗಿಯೂ ಬಂದ!

ಶಾಲೆಯಲ್ಲಿ ಗಣಿತ ಹೇಳುವ ನನಗೆ ರಜೆ ಬಂದರೆ ಅವನ ಪಕ್ಕದಲ್ಲಿ ನಿಂತು ಆಟ ವರ್ಣಿಸುವ ಕೆಲಸ. ಜನ ಹೋ ಎಂದಾಗಲೆಲ್ಲ "ಏಮೈಂದೇ? ಏಮೈಂದೇ?" ಎಂದು ಗೋಡೆಗೆ ಕೇಳುತ್ತಿದ್ದ. ಮೊಳಕಾಲ್ಮೂರಿನವರಿಗೆ ಭಯವಾದಾಗ 'ಏನಾಯ್ತೇ' ಅನ್ನುವುದೂ ತಾನಾಗಿ ತೆಲುಗಿನಲ್ಲೇ ಬರುತ್ತದೆ.

"ಓಬಳೇಶ ಬುಟ್ಟಿಗೆ ಹಾಕಿದ ಮಾವಾ!"

"ಹಾಕಿದ್ದು ಇರ್ಲಿ. ನೆಟ್ಟಗೆ ನೆಲಕ್ಕಿಳಿದ್ನಾ?"

ಗೆದ್ದೆವೋ ಸೋತೆವೋ ಎಂದು ಅವನು ಕೇಳಿದ ನೆನಪೇ ನನಗಿಲ್ಲ. ಎಲ್ಲರೂ ನೆಟ್ಟಗೆ ಇಳಿದರೆ ಸಾಕು, ಅವನ ಪಾಲಿಗೆ ಅದೇ ಗೆಲುವು.

"ಇದೇನವ್ವಾ ನಿನ್ನ ತಮ್ಮನ ಹುಚ್ಚು, ಅವನ ಕಣ್ಣು ಕೆಟ್ಟದ್ದಾ?" ಎಂದು ಅವ್ವನನ್ನು ಕೇಳಿದ್ದೆ. ಅವ್ವ ಮೊರದಿಂದ ತಲೆ ಎತ್ತಲಿಲ್ಲ. "ಕೆಟ್ಟೋರ ಕಣ್ಣು ಏನು ಮಾಡ್ತೈತೆ? ಹೆತ್ತೋರ ಕಣ್ಣೇ ಕಣೇ ಮೊದ್ಲು ತಾಕೋದು. ನೋಡಿ ನೋಡಿ ಯಾರಿಗೆ ಹೊಟ್ಟೆ ತುಂಬ್ತೈತೋ ಅವರದ್ದು." ನಾನು ನಕ್ಕುಬಿಟ್ಟೆ.

ಈ ವರ್ಷ ಸಾಹುಕಾರರು ಕೈಚೆಲ್ಲಿದರು. ಮಿಲ್ಲು ಮಕ್ಕಳ ಕೈಗೆ ಹೋಗಿತ್ತು, ಕಣದಲ್ಲಿ ಗೋದಾಮು ಏಳಬೇಕಿತ್ತು. ಇನ್ನೊಂದು ಪಂದ್ಯ, ಅಲ್ಲಿಗೆ ತಂಡ ಮುಗಿಯಿತು. ಆ ಪಂದ್ಯಕ್ಕೆ ದೊಡ್ಡ ಊರಿನ ತಂಡದವರು ಓಬಳೇಶನ ಆಟ ನೋಡಲು ಬರುತ್ತಾರೆಂಬ ಸುದ್ದಿಯೂ ಬಂತು. ಚೆನ್ನಾಗಿ ಆಡಿದರೆ ಅವನಿಗೆ ಮುಂದೆಯೂ ಕೆಲಸ. ಎಡವಿದರೆ ತಳಕಿಗೆ ವಾಪಸ್ಸು.

ಓಬಳೇಶ ಮಾವನ ಹತ್ತಿರ ಬಂದ. "ಮಾವಾ, ಇದೊಂದಾದ್ರೂ ನೋಡು. ಇನ್ಮ್ಯಾಲೆ ನೋಡಾಣ ಅಂದ್ರೂ ನಾವಿರಲ್ಲ."

ಮಾವ ಹಿಂದಕ್ಕೆ ಸರಿದ. "ವದ್ದು ನಾಯನಾ, ಬ್ಯಾಡ! ಅದೇ ಕಾಲು ಮತ್ತೆ ಮುರಿದ್ರೆ ಯಾರು ತಗಂತಾರೆ ನಿನ್ನ?"

ಪಂದ್ಯದ ದಿನ ಮಾವ ಎಂದಿನಂತೆ ಗೋಡೆ ಸೇರಿದ. ತಂಡ ಕಣಕ್ಕಿಳಿಯಿತು. ಜನ ಹೋ ಅನ್ನಲಿಲ್ಲ. ಮೊದಲು ಪಿಸುಪಿಸು, ಆಮೇಲೆ ಭಾರೀ ನಗು.

"ಏಮೈಂದೇ?"

ಆರಡಿ ಮೀರಿದ ಗಡ್ಡಮೀಸೆಯ ಗಂಡಸರು ಸಾಲಾಗಿ ಬರುತ್ತಿದ್ದರು, ಒಬ್ಬೊಬ್ಬನ ಕೆನ್ನೆಯ ಮೇಲೂ ದುಂಡಗೆ ಕಾಡಿಗೆಯ ದೃಷ್ಟಿಬೊಟ್ಟು! ತೊಟ್ಟಿಲ ಕೂಸುಗಳಿಗೆ ಇಡುತ್ತಾರಲ್ಲ, ಅದೇ. ಮಿಲ್ಲಿನ ಬಾಗಿಲಲ್ಲಿ ಅವ್ವ ಕಾಡಿಗೆ ಡಬ್ಬಿ ಹಿಡಿದು, "ಬಗ್ಗಲೇ ಇನ್ನೂ" ಎಂದು ಕೊನೆಯವನನ್ನು ಗದರಿಸುತ್ತಿದ್ದಳು.

"ಮಾವಾ, ಎಲ್ಲರಿಗೂ ಬೊಟ್ಟು ಇಟ್ಟಾಳೆ ಅಕ್ಕ" ಎಂದು ಓಬಳೇಶ ಕೂಗಿದ. "ಇನ್ನ ನಿನ್ನ ಕಣ್ಣು ನಮಗೇನು ಮಾಡ್ತೈತೆ? ತಿರುಗು!"

ಮಾವ ನನ್ನ ಕೈ ಹಿಡಿದುಕೊಂಡ. ನಿಧಾನಕ್ಕೆ ತಿರುಗಿದ. ಅಷ್ಟು ವರ್ಷ ಅವನನ್ನು ಗೇಲಿ ಮಾಡಿದವಳು ನಾನು. ಸತ್ಯ ಹೇಳುತ್ತೇನೆ, ಆ ಕ್ಷಣ ಬೇಡ ಮಾವಾ ಎಂದು ಕೂಗಬೇಕು ಅನ್ನಿಸುವಷ್ಟು ನನಗೂ ಭಯವಾಯಿತು.

ಮಾವ ನೋಡಿದ. ಹುಡುಗರು ಓಡಿದರು, ನೆಗೆದರು, ನೆಟ್ಟಗೆ ಇಳಿದರು. ಕೊನೆಕೊನೆಗೆ ಓಬಳೇಶ ಬುಟ್ಟಿಯ ಕೆಳಗೆ ನೆಗೆದ. ಎದುರಾಳಿಯೊಬ್ಬ ಡಿಕ್ಕಿ ಹೊಡೆದ. ಅಷ್ಟುದ್ದ ದೇಹ ಸಿಮೆಂಟಿನ ಮೇಲೆ ದೊಪ್ಪನೆ ಬಿತ್ತು, ಏಳಲಿಲ್ಲ.

ಮಾವನ ಮುಖ ಗೋಡೆಯ ಕಡೆ ಹೊರಳತೊಡಗಿತ್ತು.

"ಮಾವಾ!" ಎಂದ ಓಬಳೇಶ, ಬಿದ್ದಲ್ಲಿಂದಲೇ. ಮೊದಲು ಒಂದು ಕಾಲು ಝಾಡಿಸಿದ, ಆಮೇಲೆ ಇನ್ನೊಂದು. ಎದ್ದು ನಿಂತ. ಬೊಟ್ಟು ಬೆವರಿಗೆ ಕರಗಿ ಗಡ್ಡಕ್ಕೆ ಇಳಿದಿತ್ತು. "ಎರಡೂ ನೆಟ್ಟಗವೆ. ಆ ಕಡೆ ತಿರುಗಬ್ಯಾಡ, ಇನ್ನೂ ಎರಡು ಹಾಕದೈತೆ."

ಎರಡನ್ನೂ ಹಾಕಿದ. ಮಾವ ಎರಡನ್ನೂ ನೋಡಿದ. ಪಂದ್ಯ ಸೋತೆವು. ಅದಕ್ಕೆ ಮಾವನ ಕಣ್ಣು ಕಾರಣವಲ್ಲ, ಎದುರಾಳಿಗಳು ಎಣ್ಣೆಗೆ ಜಾರದ ಹೊಸ ಬೂಟು ಹಾಕಿಕೊಂಡು ಬಂದಿದ್ದರು! ದೊಡ್ಡ ಊರಿನವರು ಓಬಳೇಶನನ್ನು ಕರೆದರು.

ಸಂಜೆ ಹುಡುಗರೆಲ್ಲ ಮಾವನ ಕಾಲಿಗೆ ಬಿದ್ದು ಹೊರಟರು. ಮಾವ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಊಟ ಬೇಡ ಎಂದ. ಅವ್ವ ಒಳಗಿನಿಂದ ಮುಷ್ಟಿ ತುಂಬ ಉಪ್ಪು ಮೆಣಸಿನಕಾಯಿ ತಂದಳು. ಮಾವನ ಮುಂದೆ ನಿಂತು ಅವನ ತಲೆಯ ಸುತ್ತ ನಿವಾಳಿಸತೊಡಗಿದಳು.

"ಬಿದ್ದೋನು ಓಬಳೇಶ, ಇವನಿಗ್ಯಾಕವ್ವಾ ದೃಷ್ಟಿ ತೆಗಿತೀಯಾ?" ಎಂದೆ.

"ನೀ ಆಟ ನೋಡ್ತಿದ್ದೆ, ನಾ ಹುಡುಗ್ರನ್ನ ನೋಡ್ತಿದ್ದೆ" ಎಂದಳು ಅವ್ವ. "ಅಷ್ಟೂ ಹುಡುಗ್ರ ಕಣ್ಣು ಇವತ್ತು ಇವನ ಮ್ಯಾಲೇ ಇತ್ತಲ್ಲೇ."