ಇಲ್ಲದ ಮಗಳ ಲಗ್ನಪತ್ರಿಕೆ

ವ್ಯಾಪಾರದ ಬುದ್ಧಿ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನ ಹೆಂಡತಿ ಶಾಂತಾ ಇದನ್ನು ಒಪ್ಪುವುದಿಲ್ಲ, ಆ ಮಾತು ಬೇರೆ. ಪುಣೆಯ ಸದಾಶಿವ ಪೇಠದಲ್ಲಿ, ಹಳೆಯ ವಾಡೆಯೊಂದರ ನೆಲಮಹಡಿಯಲ್ಲಿ ನನ್ನದೊಂದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಎಲ್ಲಕ್ಕಿಂತ ಮಿಗಿಲಾಗಿ ಕನ್ನಡದ ಲಗ್ನಪತ್ರಿಕೆ! ಈ ಊರಿನಲ್ಲಿ ಕನ್ನಡ ಪತ್ರಿಕೆ ಮಾಡಿಸಿದರೆ ಒತ್ತಕ್ಷರಗಳು ದಾರಿಯಲ್ಲೇ ಉದುರಿ ಹೋಗುತ್ತವೆ. ನನ್ನಲ್ಲಿ ಒಂದೂ ಉದುರುವುದಿಲ್ಲ. ಉದುರುತ್ತಿದ್ದವರು ಗಿರಾಕಿಗಳು ಮಾತ್ರ.

ಜನರೆಲ್ಲ ಸೈಬರ್ ಕೆಫೆಗೆ ಹೋಗಿ, ಕಂಪ್ಯೂಟರಿನಲ್ಲಿ ಸ್ನೇಹಿತರನ್ನು ಮಾಡಿಕೊಳ್ಳುವ ಹುಚ್ಚಿಗೆ ಬಿದ್ದಿದ್ದ ಹೊಸತರ ಕಾಲ ಅದು. ಹಡಪಸರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ತಮ್ಮ ಮಲ್ಲಿಕಾರ್ಜುನ ಒಂದು ಭಾನುವಾರ ಬಂದವನೇ ಹೇಳಿದ:

"ಭಾವ, ಪುಣೆದಾಗಿನ ನಮ್ಮ ಮಂದಿ ಎಲ್ಲಾ ಅಲ್ಲೇ ಅದಾರ. ನಿಮ್ಮ ಪ್ರೆಸ್ಸಿನ ಹೆಸರಲೆ ಒಂದು ಖಾತೆ ತಗೀರಿ. ಚಂದನ್ನ ಒಂದು ಪತ್ರಿಕಿ ಹಾಕ್ರಿ. ಪುಕ್ಕಟ ಜಾಹೀರಾತು!"

ನನಗೆ ಮೈಯೆಲ್ಲ ರೋಮಾಂಚನ! ಖಾತೆಯನ್ನು ಅವನೇ ತೆರೆದುಕೊಟ್ಟ. ಪಾಪ, ಅವನ ಮನಸ್ಸು ಆಗ ಬೇರೆ ಕಡೆ ಇತ್ತು. ಮೂರು ವರ್ಷ ಹೆಣ್ಣು ಹುಡುಕಿದ ಮೇಲೆ ಕೊಂಢವಾ ಬಡಾವಣೆಯ, ಮನೆ ಕಟ್ಟಿಸುವ ಗುತ್ತಿಗೆದಾರ ಶರಣಪ್ಪನವರ ಮಗಳು ಗೀತಾ ಅವನಿಗೆ ಮೆಚ್ಚಿಗೆಯಾಗಿದ್ದಳು. ಅವಳಿಗೂ ಇವನು ಒಪ್ಪಿಗೆ. ಗುರುವಾರ ಪಕ್ಕಾ ಉತ್ತರ ಕೊಡುತ್ತೇವೆಂದು ಶರಣಪ್ಪನವರು ಹೇಳಿದ್ದರು. ಇದೂ ತಪ್ಪಿದರೆ ಮಲ್ಲೂಗೆ ಸನ್ಯಾಸವೇ ಗತಿ ಎಂದು ಶಾಂತಾ ದಿನಕ್ಕೆರಡು ಸಲ ಕಣ್ಣೀರು ತೆಗೆಯುತ್ತಿದ್ದಳು.

ನಾನು ಮಾದರಿ ಪತ್ರಿಕೆಗೆ ಕುಳಿತೆ. ಗಿರಾಕಿಗಳ ಹೆಸರನ್ನು ಅವರನ್ನು ಕೇಳದೆ ಹಾಕುವುದು ಅಧರ್ಮ. ಆದ್ದರಿಂದ ನಾನೇ ಹೆಸರು ಹುಡುಕಬೇಕಾಯಿತು. ಮುದ್ರಕನ ಕಣ್ಣಲ್ಲವೇ, ವರನ ಗುಣ ನೋಡುವುದಿಲ್ಲ, ಸಾಲು ಹೇಗೆ ಕೂರುತ್ತದೆಂದು ನೋಡುತ್ತದೆ. ಒತ್ತುಗಳು ಎದ್ದು ಕಾಣಬೇಕು. 'ಚಿ. ಮಲ್ಲಿಕಾರ್ಜುನ' ಎಂದು ಹಾಕಿದೆ. ಆಹಾ! ಸಾಲು ತುಂಬಿ ನಿಂತಿತು. ಅದಕ್ಕೆ ಜೋಡಿಯಾಗಿ, ಗಾಳಿಯಿಂದ ಹಿಡಿದು ತಂದ ಹೆಸರು 'ಚಿ. ಸೌ. ಕುಂ. ಜ್ಞಾನೇಶ್ವರಿ'. ವಧುವಿಗೆ ತಂದೆತಾಯಿ ಬೇಕಲ್ಲ? ಯಾರನ್ನು ಕೇಳುವುದು? ನಮ್ಮ ಹೆಸರು ನಮ್ಮದೇ ಆಸ್ತಿ, ಅಪ್ಪಣೆ ಬೇಕಿಲ್ಲ. 'ಸೌ. ಶಾಂತಾ ಮತ್ತು ಶ್ರೀ ಬಸವರಾಜ ಇವರ ಜ್ಯೇಷ್ಠ ಸುಪುತ್ರಿ' ಎಂದು ಸೇರಿಸಿದೆ. ಪಂಚಾಂಗ ನೋಡಿ ಮುಂದಿನ ತಿಂಗಳ ಒಳ್ಳೆಯ ಮುಹೂರ್ತವನ್ನೂ ಇಟ್ಟೆ. ಕೆಫೆಗೆ ಓಡಿ, ಸ್ಕ್ಯಾನ್ ಮಾಡಿಸಿ, ಪುಣೆಯ ಕನ್ನಡಿಗರ ಗುಂಪಿಗೆ ಹಾಕಿಯೇಬಿಟ್ಟೆ!

ಮರುದಿನ ನೋಡಿದರೆ ನಲವತ್ತು ಸಂದೇಶ! ಕುರ್ಚಿಯಲ್ಲೇ ಕುಣಿದೆ. ಒಂದೊಂದಾಗಿ ಓದಿದೆ. ಎಲ್ಲವೂ ಶುಭಾಶಯ! ಒಬ್ಬನೇ ಒಬ್ಬ ಕೂಡ ದರ ಕೇಳಿರಲಿಲ್ಲ.

ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಎಷ್ಟು ಸಹಜವೆಂದರೆ, ಯಾರಿಗೂ ಎಳ್ಳಷ್ಟು ಸಂಶಯ ಬಂದಿರಲಿಲ್ಲ. ಬರಬೇಕಾದ ಸಂಶಯ ಒಂದೇ. ನಮಗೆ ಇರುವುದು ಇಬ್ಬರು ಗಂಡುಮಕ್ಕಳು!

ಮನೆಗೆ ಬಂದಾಗ ಶಾಂತಾ ಬಾಗಿಲಲ್ಲೇ ನಿಂತಿದ್ದಳು. ಬೀದರಿನಿಂದ ಅವಳ ಚಿಗವ್ವ ಪತ್ರಿಕೆಯ ಸುದ್ದಿ ಕೇಳಿ ಫೋನ್ ಮಾಡಿದ್ದಳಂತೆ.

"ಎರಡು ಹಡದೇನಿ, ಎರಡೂ ನೆನಪದಾವ. ಈ ಮೂರನೇದು ಯಾವಾಗ ಹಡದೆ ಅಂತ ನೀವೇ ಹೇಳ್ರಿ! ಅದೂ ಜ್ಯೇಷ್ಠ ಅಂತ!"

"ಲೇ, ಅದು ಜಾಹೀರಾತು..."

"ಜಾಹೀರಾತಿಗೆ ಯಾರರ ಮಗಳನ್ನ ಹುಟ್ಟಸ್ತಾರೇನ್ರಿ?"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಶರಣಪ್ಪನವರು! ಯಾರೋ ಪತ್ರಿಕೆಯನ್ನು ಕಾಗದದ ಮೇಲೆ ತೆಗೆಸಿ ಅವರ ಕೈಗೇ ಕೊಟ್ಟಿದ್ದರು.

"ಬಸವರಾಜಪ್ಪಾರ, ಮನ್ಯಾಗ ಹೆಣ್ಣು ಇಟ್ಕೊಂಡು, ತಾರೀಖೂ ಗೊತ್ತು ಮಾಡಿ, ನಮ್ಮ ಮನೀಗೆ ಉಪ್ಪಿಟ್ಟು ತಿನ್ಲಿಕ್ಕೆ ಬಂದಿದ್ರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವರು ಫೋನ್ ಇಟ್ಟರು. ಶಾಂತಾ ಗೋಡೆಗೆ ಒರಗಿ ಕುಳಿತುಬಿಟ್ಟಳು. ಅವಳ ತಮ್ಮನ ಸಂಸಾರವನ್ನು ಕಟ್ಟುವ ಮೊದಲೇ ಕೆಡವಿದ ಪಾಪಿ ನಾನು!

ಆದರೆ ಧೈರ್ಯಗೆಡುವವನಲ್ಲ. ಕೆಫೆಗೆ ಓಡಿದೆ. ಜಾಲತಾಣ ಮಾಡಿದ ಗಾಯಕ್ಕೆ ಜಾಲತಾಣದಲ್ಲೇ ಮದ್ದು! ಗಂಭೀರವಾದ ಪ್ರಕಟಣೆ ಬರೆದೆ: 'ಸದರಿ ಮದುವೆಯು ನಡೆಯುವುದಿಲ್ಲ. ಜ್ಞಾನೇಶ್ವರಿ ಎಂಬ ಹೆಸರಿನ ಮಗಳು ನಮಗೆ ಇರುವುದಿಲ್ಲ. ಸಾರ್ವಜನಿಕರು ಗಮನಿಸಬೇಕು.'

ಸಾರ್ವಜನಿಕರು ಗಮನಿಸಿದರು. ಸಂಜೆಯೊಳಗೆ ಸಂದೇಶಗಳ ಮಳೆ!

'ಹಡೆದ ಮಗಳನ್ನ ಇಲ್ಲ ಅನಬ್ಯಾಡ್ರಿ.' 'ಯಾರ ಜೋಡಿ ಓಡಿ ಹೋದ್ಳು?' 'ಸಣ್ಣ ವಯಸ್ಸು, ಕ್ಷಮಾ ಮಾಡ್ರಿ.' ಒಬ್ಬ ಪುಣ್ಯಾತ್ಮ ಅವಳನ್ನು ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಕಣ್ಣಾರೆ ಕಂಡಿದ್ದನಂತೆ. ಕೆಂಪು ಪಂಜಾಬಿ ಡ್ರೆಸ್ ಹಾಕಿದ್ದಳಂತೆ!

ಇನ್ನು ಉಳಿದದ್ದು ಒಂದೇ ದಾರಿ. ಗುರುವಾರ ಬೆಳಿಗ್ಗೆ ಶಾಂತಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ರೇಷನ್ ಕಾರ್ಡು ಜೇಬಿನಲ್ಲಿಟ್ಟುಕೊಂಡು ಕೊಂಢವಾಕ್ಕೆ ಹೊರಟೆ. ನಮಗೆ ಮಗಳಿಲ್ಲ ಎನ್ನಲು ಸರಕಾರಿ ಸಾಕ್ಷಿ!

ಶರಣಪ್ಪನವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಓಡಿ ಹೋದ ಮ್ಯಾಲೆ ಹೆಸರು ತಗಸೀರೇನು?"

"ಇಲ್ರೀ ಯಪ್ಪಾ! ಅದು ಬರೇ ಮಾದರಿ ಪತ್ರಿಕಿ. ಅಕ್ಷರ ಹೆಂಗ ಬರ್ತಾವಂತ ತೋರಸಾಕ..."

"ನಾವೂ ಮನಿ ಕಟ್ಟತೀವಿ. ಮಾದರಿ ಮನ್ಯಾಗ ಯಾರ ಮಗಳನ್ನೂ ತಂದು ಇಡೂದಿಲ್ಲ ಬಿಡ್ರಿ."

ಶಾಂತಾ ಸೆರಗು ಕಣ್ಣಿಗೊತ್ತಿಕೊಂಡಳು. "ಅಣ್ಣಾರ, ಹುಚ್ಚ ಇವರು. ನನ್ನ ತಮ್ಮ ಅಲ್ಲ. ಇವರ ತಪ್ಪಿಗೆ ಅವಗ ಶಿಕ್ಷೆ ಕೊಡಬ್ಯಾಡ್ರಿ" ಎಂದಳು. ಆ ಗಳಿಗೆಯಲ್ಲಿ ಹುಚ್ಚ ಎನಿಸಿಕೊಳ್ಳಲು ನನಗೆ ಎಷ್ಟು ಸಂತೋಷವಾಯಿತೆಂದರೆ, ಜೋರಾಗಿ ತಲೆಯಾಡಿಸಿದೆ.

ಆಗ ಚಹಾದ ತಟ್ಟೆ ಹಿಡಿದು ಗೀತಾ ಹೊರಬಂದಳು.

"ಅಪ್ಪಾ, ಇವರು ಖರೇನ ಹೇಳ್ಲಿಕ್ಕತ್ತಾರ. ಅದು ಪ್ರೆಸ್ಸಿನ ಖಾತೆ. ನಿನ್ನೆ ಅವರು ಕಾಲೇಜಿನ ಮುಂದ ಬಂದು ಎಲ್ಲಾ ಹೇಳಿ ಹೋಗ್ಯಾರ."

"ಅವರು ಅಂದ್ರ ಯಾರು?"

ಗೀತಾ ತಟ್ಟೆ ಇಟ್ಟು ಒಳಗೆ ಓಡಿದಳು. ಶರಣಪ್ಪನವರು ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಹುಡುಗ ಶಾಣ್ಯಾ ಅದಾನ ಬಿಡ್ರಿ. ಭಾವನ ಮ್ಯಾಲೆ ಹೋಗಿಲ್ಲ. ಸಂಬಂಧ ಪಕ್ಕಾ!"

ನಾನು ಖುಷಿಗೆ ಎದ್ದೇ ನಿಂತೆ! "ಹಂಗಾದ್ರ ಪತ್ರಿಕಿ ಕೆಲಸ ಇವತ್ತೇ ಹಿಡೀತೀನ್ರಿ!"

"ಕೂಡ್ರಿ" ಎಂದರು ಶರಣಪ್ಪನವರು. "ಒಂದೇ ಒಂದು ಷರತ್ತು. ಪತ್ರಿಕಿ ಬ್ಯಾರೆ ಕಡೆ ಮಾಡಸಬೇಕು."

ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಶಾಂತಾ, "ಆಗ್ಲಿ ಅಣ್ಣಾರ, ನಾನೂ ಅದನ್ನ ಹೇಳಾಕಿದ್ದೆ" ಎಂದುಬಿಟ್ಟಳು!

ಹೀಗಾಗಿ ನನ್ನ ಜಾಹೀರಾತಿನಿಂದ ಒಂದು ಆರ್ಡರೂ ಬರಲಿಲ್ಲ. ಮನೆಯಲ್ಲಿದ್ದ ಒಂದು ಆರ್ಡರು ಮಾತ್ರ ಹೊರಗೆ ಹೋಯಿತು. ಹದಿನೈದು ದಿನದ ಮೇಲೆ ಹಡಪಸರದ ಒಂದು ಪ್ರೆಸ್ಸಿನ ಮುಂದೆ ಸಾಲಿನಲ್ಲಿ ನಿಂತು, ಮಲ್ಲೂನ ಲಗ್ನಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡೆ. ಒಳಗೊಂದು ತಪ್ಪಾದರೂ ಸಿಕ್ಕೀತೆಂದು ಅಲ್ಲೇ ನಿಂತು ಮೂರು ಸಲ ಓದಿದೆ. ಸಿಗಲಿಲ್ಲ. ಮಾಲಕರು ಕನ್ನಡಕದ ಮೇಲಿಂದ ನೋಡಿ, "ಭಾಳ ಬಾರೀಕ್ ನೋಡ್ತೀರಲ್ರಿ, ನೀವೂ ಪ್ರೆಸ್ಸಿನವರೇನು?" ಎಂದು ಕೇಳಿದರು.

"ಛೇ ಛೇ," ಎಂದೆ, "ನಂದು ಕಿರಾಣಿ ಅಂಗಡಿ."