ಎರಡು ಸಾಲಿನ ಲೆಕ್ಕ ಮತ್ತು ಕುಣಿಗಲ್ಲಿನ ದೊಡ್ಡಪ್ಪ

ಹೆಣ್ಣುಮಗು ಓದೋಕೆ ಹೊರಟರೆ ಅಡ್ಡ ಬರೋರು ಒಬ್ಬರಲ್ಲ ಒಬ್ಬರು ಇದ್ದೇ ಇರ್ತಾರೆ. ಅವರ ಜೊತೆ ಜಗಳ ಆಡಿ ಮನೆಗೆ ಬಂದು ನೆನೆಸಿಕೊಂಡರೆ, ಅರ್ಧಕ್ಕರ್ಧ ನಗುವೇ ಉಳಿಯುತ್ತೆ. ನನ್ನ ಮೊಮ್ಮಗಳು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿದ ಕಾಲದ್ದು ಇದು. ಅವರಪ್ಪ, ನನ್ನ ಚಿಕ್ಕ ಮಗ, ಲಾರಿ ಓಡಿಸ್ಕೊಂಡು ಊರೂರು ಅಲೆಯೋನು. ಅದಕ್ಕೇ ಅವಳು ಗುಬ್ಬಿಯಲ್ಲಿ ನನ್ನ ಬಳೆ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದು ದಿನಾ ಬಸ್ಸಿಗೆ ಹೋಗಿ ಬರ್ತಿದ್ಲು.

ಫಿಲ್ಟರ್ ಮಾರಿದ್ದು

ಒಂದು ಭಾನುವಾರ ಅಂಗಡಿಯ ಚಾಪೆ ಮೇಲೆ ಕೆಂಪು ಬಳೆ ಒಂದು ಸಾಲು, ಹಸಿರು ಬಳೆ ಒಂದು ಸಾಲು ಜೋಡಿಸಿಕೊಂಡು ಕೂತಿದ್ಲು. ಇದೇನೇ ಅಂದೆ. ಲೀನಿಯರ್ ಕನ್ವಲ್ಯೂಷನ್ ಅಂತೆ. ಕೆಂಪು ಸಾಲು ಅಂದ್ರೆ ಒಳಗೆ ಬರೋ ಸದ್ದು, ಹಸಿರು ಸಾಲು ಅದನ್ನ ಸೋಸೋ ಫಿಲ್ಟರ್. ಒಂದನ್ನ ತಿರುಗಿಸಿ, ಇನ್ನೊಂದರ ಎದುರು ಒಂದೊಂದೇ ಜಾಗ ಸರಿಸ್ತಾ, ಎದುರುಬದುರು ಬಂದದ್ದನ್ನ ಗುಣಿಸಿ ಕೂಡೋದು. ಕಾಲೇಜಲ್ಲಿ ಇದನ್ನ ಕಂಪ್ಯೂಟರ್ ಚಿಪ್ಪು ಕೂತಿರೋ ಅಂಗೈಯಗಲದ ಒಂದು ಹಲಗೆಗೆ ಹೇಳಿಕೊಡಬೇಕಂತೆ. ಅದಕ್ಕೆ ಕಿಟ್ ಅಂತಾರೆ.

ಅವಳು ನೀರು ಕುಡಿಯೋಕೆ ಒಳಗೆ ಹೋದಾಗ ಸಿ.ಎಸ್. ಪುರದ ಹೆಂಗಸೊಬ್ಬಳು ಬಂದು, ಮಗಳ ಸೀಮಂತಕ್ಕೆ ಹಸಿರು ಬಳೆ ಕೊಡಿ, ಬಸ್ಸು ಹೊರಡ್ತದೆ ಅಂದ್ಲು. ಕೈಗೆ ಸಿಕ್ಕಿದ್ದನ್ನ ಸುತ್ತಿ ಕೊಟ್ಟೆ.

ಮೊಮ್ಮಗಳು ವಾಪಸ್ ಬಂದು ಚಾಪೆ ನೋಡಿದ್ಲು. ನಮ್ಮಲ್ಲಿ ಅಜ್ಜಿಗೆ ದಾದಿ ಅಂತಾರೆ. "ದಾದಿ, ನನ್ನ ಫಿಲ್ಟರ್ ಮಾರಿಬಿಟ್ಟೆಯಲ್ಲ" ಅಂತ ಅಳೋ ಹಾಗಾದ್ಲು.

"ನಿನ್ನ ಲೆಕ್ಕ ನಾಳೆ ಆದ್ರೂ ಆಯ್ತದೆ ಕಣೇ. ಆ ಹುಡುಗಿ ಹೆರಿಗೆ ನಿನಗೋಸ್ಕರ ಕಾಯ್ತದಾ?" ಅಂದೆ.

ಸೂಜಿ ಚುಚ್ಚೋದು, ತೆಗೆಯೋದು

ಕುಣಿಗಲ್ಲಿನಲ್ಲಿ ಸ್ಕೂಟರ್ ಸೀಟು ಹೊಲಿಯೋ ಅಂಗಡಿ ಇಟ್ಟಿರೋನು ನನ್ನ ದೊಡ್ಡ ಮಗ. ಮನೆಯಲ್ಲಿ ಅವನ ಮಾತೇ ಮಾತು ಅಂತ ಅವನೇ ತಿಳ್ಕೊಂಡಿದ್ದ. ಹುಡುಗಿಗೆ ಒಂದು ಗಂಡು ನೋಡಿಟ್ಟು ಬಂದು ಕೂತ. ಕಾಲೇಜಲ್ಲಿ ಏನು ಕಲಿಸ್ತಾರೆ ಅಂತ ಕೇಳಿದ. ಗುಣಿಸೋದು, ಕೂಡೋದು ಅಂದ್ಲು ಇವಳು.

"ಅಷ್ಟಕ್ಕೆ ಇಂಜಿನಿಯರಿಂಗಾ? ಒಂದು ಕ್ಯಾಲ್ಕುಲೇಟರ್ ತಂದುಕೊಡ್ತೀನಿ, ಮನೇಲಿರು" ಅಂದ.

ನನಗೆ ರೇಗಿತು. "ನೀನು ಮಾಡೋದೇನ್ಲಾ? ಸೂಜಿ ಚುಚ್ಚೋದು, ತೆಗೆಯೋದು. ಅಷ್ಟಕ್ಕೆ ಅಂಗಡಿ ಯಾಕೆ, ಬೋರ್ಡ್ ಯಾಕೆ?"

ಅವನು ಗಂಟು ಹಾಕಿಕೊಂಡ ಮುಖದಲ್ಲೇ ಒಂದು ಷರತ್ತು ಹಾಕಿದ. ಈ ಸಲದ ಲ್ಯಾಬ್ ಪರೀಕ್ಷೆ ಪಾಸಾದರೆ ಓದಲಿ, ಫೇಲಾದರೆ ನಿಕಾಹ್. ಆಗಲಿ ಅಂದೆ. ಅವನು ಹೊರಡೋವಾಗ, ಹೋಗ್ತಾ ಹೋಗ್ತಾ ನನ್ನ ಹೊಲಿಗೆ ಮಿಷನ್ನಿನ ಸೂಜಿ ಬದಲಾಯಿಸಿ ಹೋಗಪ್ಪ, ನೀನು ಅದನ್ನ ಓದಿದೋನು ಅಂತ ಕಳಿಸಿದೆ.

ಲ್ಯಾಬ್ ಬಾಗಿಲಲ್ಲಿ ಅಂಗಡಿ

ಪಾಸಾಗೋದು ಹೇಗೆ? ಕೆಲಸ ಮಾಡೋ ಕಿಟ್ಟು ಇದ್ದದ್ದು ಒಂದೇ. ಅದರ ಮುಂದೆ ಗಂಡುಹುಡುಗರು ಜೇನುಹುಳದ ಹಾಗೆ ಮುತ್ತಿಕೊಳ್ಳೋರು. ಹೆಣ್ಣುಮಕ್ಕಳು ಹಿಂದೆ ನಿಂತು ಬರ್ಕೊಳ್ಳಿ ಅಂತಿದ್ದರಂತೆ ಮೇಷ್ಟ್ರು.

ನಾನು ಬುರ್ಖಾ ಹಾಕ್ಕೊಂಡು ಬಳೆ ಪೆಟ್ಟಿಗೆ ಹಿಡ್ಕೊಂಡು ತುಮಕೂರಿಗೆ ಹೋದೆ. ಲ್ಯಾಬ್ ಬಾಗಿಲಲ್ಲಿ ಕೂತೆ. ಮೇಷ್ಟ್ರು ಬಂದು, ಹೊರಗಿನವರು ಇಲ್ಲಿ ಕೂರೋ ಹಾಗಿಲ್ಲಮ್ಮ ಅಂದರು. ನಾನು ಹೊಸ್ತಿಲ ಹೊರಗೇ ಇದೀನಲ್ಲ ಸ್ವಾಮಿ ಅಂದೆ. ಮೊಮ್ಮಗಳು ಕಿಟ್ ಮುಂದೆ ಕೂತ ತಕ್ಷಣ ಎದ್ದು ಹೋಗ್ತೀನಿ ಅಂತಲೂ ಹೇಳಿದೆ. ಸುಮ್ಮನೆ ಕೂರೋದು ಯಾಕೆ ಅಂತ ಪೆಟ್ಟಿಗೆ ತೆಗೆದೆ. ಹುಡುಗಿಯರು ಬಂದರು. ಆಫೀಸಿನ ಹೆಂಗಸರು ಬಂದರು. ಪಕ್ಕದ ತರಗತಿಯ ಪಾಠ ನಿಂತೇಹೋಯ್ತು.

ಮೇಷ್ಟ್ರು ಸೋತು, ಹುಡುಗರನ್ನ ಎಬ್ಬಿಸಿ ಇವಳನ್ನ ಕೂರಿಸಿದರು. ಮಾತು ಕೊಟ್ಟ ಹಾಗೆ ನಾನು ಎದ್ದೆ. ಮೆಟ್ಟಿಲು ಇಳಿಯೋವಾಗ ಒಂದು ಹುಡುಗಿ ಹಿಂದೆ ಓಡಿಬಂದು, "ಅಜ್ಜಿ, ಗುರುವಾರ ನಮ್ಮ ಬ್ಯಾಚು. ಬರ್ತೀರಾ?" ಅಂದ್ಲು.

ಯಾರದೋ ಎಂಜಲು

ಅಷ್ಟು ಮಾಡಿ ಕೂರಿಸಿದ್ರೆ, ಸಾಯಂಕಾಲ ಸಪ್ಪೆ ಮುಖ ಹಾಕ್ಕೊಂಡು ಬಂದ್ಲು. ಇವಳ ಉತ್ತರ ಸರಿಯಾಗೇ ಬಂದಿತ್ತಂತೆ, ಆದರೆ ಅದರ ಬಾಲಕ್ಕೆ ಯಾವುದೋ ಗೊತ್ತಿಲ್ಲದ ಅಂಕಿಗಳು ಅಂಟಿಕೊಂಡಿದ್ದವಂತೆ. ನಿನಗೆ ಮುಂಚೆ ಕೂತಿದ್ದೋರು ಯಾರು ಅಂದೆ. ಹುಡುಗರು ಅಂದ್ಲು. ಹಾಗಾದ್ರೆ ಅವರದ್ದೇ ಕೆಲಸ ಅಂತ ಬೈದೆ.

ಬೈದದ್ದು ಕುರುಡು ಕೋಪಕ್ಕೆ. ಮಾರನೇ ದಿನ ನೋಡಿದ್ರೆ ನಿಜವೇ. ಹುಡುಗರ ಹಳೇ ಉತ್ತರ ಚಿಪ್ಪಿನ ನೆನಪಿನಲ್ಲಿ ಹಾಗೇ ಕೂತಿತ್ತಂತೆ. ಮೊದಲು ಎಲ್ಲಾ ಜಾಗಕ್ಕೂ ಸೊನ್ನೆ ತುಂಬಿ ಚೊಕ್ಕಟ ಮಾಡಿ, ಆಮೇಲೆ ಲೆಕ್ಕ ಶುರುಮಾಡಬೇಕಂತೆ.

ಉಂಡ ಜಾಗ ಒರೆಸೋ ಅಭ್ಯಾಸ ಗಂಡಸರಿಗೆ ಮನೆಯಲ್ಲೂ ಇಲ್ಲ, ಮಿಷನ್ನಿನಲ್ಲೂ ಇಲ್ಲ.

ಸರ್ಕ್ಯುಲರ್

ಪರೀಕ್ಷೆ ದಿನ ದೊಡ್ಡ ಮಗ ಕುಣಿಗಲ್ಲಿಂದ ಬಂದ. ಫೇಲಾದರೆ ಹಾಗೇ ಕರ್ಕೊಂಡು ಹೋಗೋಣ ಅಂತ. ನಾವಿಬ್ಬರೂ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತೆವು, ಮುಖ ಆ ಕಡೆ ಒಬ್ಬರು, ಈ ಕಡೆ ಒಬ್ಬರು.

ಒಳಗೆ ನಡೆದದ್ದನ್ನ ಇವಳು ಆಮೇಲೆ ಹೇಳಿದ್ಲು. ಪ್ರೋಗ್ರಾಂ ಚೆನ್ನಾಗೇ ಓಡಿತಂತೆ. ಬೇರೆ ಊರಿಂದ ಬಂದಿದ್ದ ಪರೀಕ್ಷಕರು, ಲೀನಿಯರ್ ಕನ್ವಲ್ಯೂಷನ್‌ಗೂ ಸರ್ಕ್ಯುಲರ್ ಕನ್ವಲ್ಯೂಷನ್‌ಗೂ ಏನಮ್ಮ ವ್ಯತ್ಯಾಸ ಅಂದಾಗ ಮಾತ್ರ ಓದಿದ್ದೆಲ್ಲ ಹಾರಿಹೋಯ್ತಂತೆ. ಕಿಟಕಿಯಲ್ಲಿ ದೊಡ್ಡಪ್ಪನ ತಲೆ ಕಾಣಿಸ್ತು. ಬಾಯಿಗೆ ಬಂದದ್ದನ್ನ ಹೇಳಿಬಿಟ್ಲು.

ಸಾರ್, ಈದ್ ನಮಾಜ್ ಆದಮೇಲೆ ನಮ್ಮ ಬೀದಿ ಗಂಡಸರು ಎರಡು ಸಾಲಾಗಿ ಎದುರುಬದುರು ನಡೀತಾ, ಸಿಕ್ಕಿದೋರನ್ನ ಅಪ್ಪಿಕೊಂಡು ಮುಂದೆ ಹೋಗ್ತಾರೆ. ಮೊದಲು ತುದಿಗೆ ತುದಿ ಸಿಗುತ್ತೆ, ಮಧ್ಯದಲ್ಲಿ ಎಲ್ಲರಿಗೆ ಎಲ್ಲರೂ, ಕೊನೆಗೆ ಬಾಲಕ್ಕೆ ಬಾಲ. ಮುಗಿದೋರು ಶೀರ್‌ಖುರ್ಮಾ ಪಾಯಸ ಕುಡಿಯೋಕೆ ಮನೆಗೆ. ಇದು ಲೀನಿಯರ್ ಸಾರ್. ಹಬ್ಬಕ್ಕೆ ಕುಣಿಗಲ್ಲಿಂದ ಬರೋ ನಮ್ಮ ದೊಡ್ಡಪ್ಪ ಮಾತ್ರ ಮುಗಿದರೂ ಮನೆಗೆ ಹೋಗಲ್ಲ, ಸುತ್ತಿಕೊಂಡು ಬಂದು ಸಾಲಿನ ತಲೆಗೆ ಮತ್ತೆ ನುಗ್ಗಿ, ಅಪ್ಪಿಕೊಂಡೋರನ್ನೇ ಅಪ್ಪಿಕೊಳ್ತಾರೆ. ಅದು ಸರ್ಕ್ಯುಲರ್ ಸಾರ್.

ಒಳಗಿಂದ ದೊಡ್ಡ ನಗು ಕೇಳಿಸ್ತು. ನನ್ನ ಮಗ, ಮುಗೀತು ನೋಡು ಅಂದ. ಅಷ್ಟರಲ್ಲಿ ಪರೀಕ್ಷಕರೇ ಹೊರಗೆ ಬಂದರು. "ಇಲ್ಲಿ ದೊಡ್ಡಪ್ಪ ಯಾರು?"

ಇವನು ಬೆದರಿ ಎದ್ದು ನಿಂತ. "ನಾನೇ ಸಾರ್."

"ಸರ್ಕ್ಯುಲರ್ ಕನ್ವಲ್ಯೂಷನ್ ನೀವೇ ಏನ್ರಿ?"

"ಅಲ್ಲ ಸಾರ್, ನಂದು ಸೀಟ್ ಕವರ್ ಅಂಗಡಿ."

ಅವರು ಅವನನ್ನ ತಬ್ಬಿಕೊಂಡು, ಒಂದು ಸುತ್ತು ಬಂದು ಮತ್ತೆ ತಬ್ಬಿಕೊಂಡರು. ನಾನು ಬುರ್ಖಾದೊಳಗೆ ನಕ್ಕೂ ನಕ್ಕೂ ಬೆಂಚಿನಿಂದ ಜಾರಿದೆ.

ಹುಡುಗಿ ಪಾಸು. ಆದರೂ ಗಂಡಿನ ಕಡೆಯವರು ಬಿಡಲಿಲ್ಲ. ಓದು ಸಾಕು ಮಾಡಿಸಿ, ಈ ವರ್ಷವೇ ನಿಕಾಹ್ ಮುಗಿಸೋಣ ಅಂತ ಕುಣಿಗಲ್ ಅಂಗಡಿಗೇ ಬಂದರು. ನನ್ನ ಮಗ ಸೂಜಿ ಕೆಳಗಿಟ್ಟು ಕಾಲರ್ ಸರಿಮಾಡಿಕೊಂಡ.

"ಆಗಲ್ಲ ಭಾಯ್. ಅವಳ ಕಾಲೇಜಲ್ಲಿ ನನ್ನ ಮೇಲೇ ಪಾಠ ಇದೆ. ಅವಳನ್ನ ಬಿಡಿಸಿದ್ರೆ ನನ್ನನ್ನ ಓದೋರ್ಯಾರು?"