ಮದುವೆಯಿಲ್ಲದ ಬೀಗರೂಟ

ಗಂಭೀರವಾದ ವಿಷಯವೊಂದು ಗಂಭೀರವಾಗಿಯೇ ಮುಗಿದದ್ದು ನಮ್ಮ ಮನೆಯಲ್ಲಿ ಇದುವರೆಗೂ ಆಗಿಲ್ಲ. ಸುಪ್ರೀಂ ಕೋರ್ಟಿನ ತೀರ್ಪೇ ಬರಲಿ, ಮೈಸೂರಿನಲ್ಲಿ ಮೆರವಣಿಗೆಯೇ ಇರಲಿ, ನಡುವೆ ನಮ್ಮವ್ವ ಬಾಯಿ ಹಾಕುತ್ತಾಳೆ. ಆಮೇಲೆ ಅಳುತ್ತಿದ್ದವರೂ ನಗಲೇಬೇಕು.

ನನ್ನದು ಹುಣಸೂರಿನಲ್ಲಿ ಶಾಮಿಯಾನ ಅಂಗಡಿ. ಸುತ್ತಲ ಹಳ್ಳಿಗಳ ಮದುವೆಗೆಲ್ಲ ಚಪ್ಪರ, ಕುರ್ಚಿ, ಪಾತ್ರೆ ಕೊಡುವವನು ನಾನೇ. ನನ್ನ ಜೊತೆ ಬಾಳುತ್ತಿರುವವನು ಅಂತರಸಂತೆಯವನು, ವೈರಿಂಗ್ ಕೆಲಸದವನು. ಯಾರದೋ ಮದುವೆಗೆ ನಾನು ಚಪ್ಪರ ಹಾಕುತ್ತಿದ್ದಾಗ ಅವನು ದೀಪದ ಸೀರಿಯಲ್ ಸೆಟ್ ಕಟ್ಟಲು ಬಂದಿದ್ದ. ಅಲ್ಲಿಂದ ಶುರುವಾದದ್ದು. ನಮ್ಮವ್ವ ಒಂದಷ್ಟು ಕಾಲ ಅತ್ತಳು, ಬೈದಳು, ಕೊನೆಗೆ ಅವನಿಗೂ ಒಂದು ತಟ್ಟೆ ಇಟ್ಟಳು. ಅವನ ಅಪ್ಪ ಮಾತ್ರ ನಮ್ಮ ಹೊಸ್ತಿಲು ತುಳಿಯಲಿಲ್ಲ. ಇವನಿಗೆ ಇದ್ದದ್ದು ಒಂದೇ ಆಸೆ, ಅಪ್ಪ ಒಂದು ಸಲ ನಮ್ಮ ಮನೆಯಲ್ಲಿ ಕೂತು ಉಣ್ಣಬೇಕು. ಹಬ್ಬದ ದಿನ ಇವನು ಕೈಯಲ್ಲಿ ತುತ್ತು ಹಿಡಿದು ಬಾಗಿಲ ಕಡೆ ನೋಡುವುದನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಮುದ್ದೆಯ ಅಪರಾಧ

ನಮ್ಮಂಥವರ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ ನಾವಿಬ್ಬರೂ ಟಿವಿ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದೆವು. ಅವ್ವ ಮುದ್ದೆ ಕೋಲು ಹಿಡಿದುಕೊಂಡೇ ಅಡುಗೆ ಮನೆಯಿಂದ ಓಡಿ ಬಂದಳು.

"ಯಾಕ್ಲಾ, ಯಾರೋದ್ರು?"

"ಯಾರೂ ಹೋಗಿಲ್ಲ ಕಣವ್ವ. ನಾವು ಹಿಂಗೆ ಜೊತೆಗಿರೋದು ತಪ್ಪಲ್ಲ ಅಂತ ಕೋರ್ಟ್ ಹೇಳ್ತು."

"ಅಂಗಾರೆ ಇಷ್ಟ್ ದಿನ ತಪ್ಪಾಗಿತ್ತಾ?"

"ಊಂ. ಜೈಲಿಗೂ ಹಾಕಬಹುದಿತ್ತು."

ಅವ್ವ ಕುಸಿದು ಕೂತಳು. ಮಗನಿಗೆ ಎಂಥ ಅಪಾಯವಿತ್ತು ಅಂತ ಈಗ ತಿಳಿದು ಹೆದರಿದಳು ಅಂದುಕೊಂಡು ನಾನು ಸಮಾಧಾನ ಮಾಡಲು ಹೋದೆ. ಅವ್ವ ನನ್ನ ಕೈ ತಳ್ಳಿದಳು.

"ಅಲ್ಲಾ ಕಣ್ಲಾ, ದಿನಾ ಇಬ್ರಿಗೂ ಮುದ್ದೆ ತಿರುವಿ ಹಾಕ್ತಿದ್ದೋಳು ನಾನು. ಪೊಲೀಸ್ನೋರು ಬಂದಿದ್ರೆ ನನ್ನೂ ಎಳ್ಕಂಡೋಗೋರಲ್ವಾ? ಮದ್ಲೇ ಹೇಳಿದ್ರೆ ಬಾಗ್ಲಾದ್ರೂ ಹಾಕಂಡು ತಿರುವ್ತಿದ್ದೆ."

ಬೇಕೇ ಬೇಕು

ನಮ್ಮಂಥವರೆಲ್ಲ ಸೇರಿ ಮೈಸೂರಿನಲ್ಲಿ ನಡೆಸಿದ ಮೆರವಣಿಗೆಗೆ ಅವ್ವ ತಾನೇ ಹಟ ಮಾಡಿ ಬಂದಳು. ಬಣ್ಣದ ಬಾವುಟ, ಬಣ್ಣದ ಕೊಡೆ, ಕೆನ್ನೆಗೆ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರು. ಎಲ್ಲರೂ ಇಂಗ್ಲಿಷಿನಲ್ಲಿ ಮೆಲ್ಲಗೆ ಕೂಗುತ್ತಿದ್ದರು. ಅವ್ವನಿಗೆ ಅದು ಸರಿ ಬರಲಿಲ್ಲ. ನಮ್ಮಪ್ಪ ಬದುಕಿದ್ದಾಗ ಹೊಗೆಸೊಪ್ಪು ಬೆಳೆಗಾರರ ಹೋರಾಟದಲ್ಲಿ ಮುಂದೆ ನಿಂತು ಕೂಗಿದ ಗಂಟಲು ಅದು.

"ಪಾಪ, ಮಕ್ಳು ಉಂಡೇ ಬಂದಿಲ್ಲ ಅನ್ನುಸ್ತದೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಕ್ಕೆ ಹೋದಳು.

"ಬೇಕೇ ಬೇಕು" ಎಂದು ಅವ್ವ ಕೂಗಿದಳು. "ನ್ಯಾಯ ಬೇಕು" ಎಂದು ಮೆರವಣಿಗೆಗೆ ಮೆರವಣಿಗೆಯೇ ಕೂಗಿತು. ರಸ್ತೆ ಬದಿಯ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಅದುವರೆಗೆ ತಲೆ ತಗ್ಗಿಸಿ ನಡೆಯುತ್ತಿದ್ದ ನನಗೂ ಎದೆ ಉಬ್ಬಿತು. ನಾನು ಅಷ್ಟು ಜನರ ನಡುವೆ ಇವನ ಕೈ ಹಿಡಿದದ್ದು ಅದೇ ಮೊದಲು.

ಸ್ವಲ್ಪ ದೂರ ಎಲ್ಲ ಚೆನ್ನಾಗಿತ್ತು. ಆಮೇಲೆ ಅವ್ವನ ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು. "ಹೊಗೆಸೊಪ್ಪಿಗೆ" ಎಂದಳು. ಹಿಂದಿದ್ದವರೆಲ್ಲ ಹಿಂದೆಮುಂದೆ ನೋಡದೆ "ಬೆಲೆ ಬೇಕು" ಎಂದರು.

ನಾನು ಓಡಿಹೋಗಿ ಸೆರಗು ಜಗ್ಗಿದೆ. "ಅವ್ವ, ಅದಲ್ಲ."

"ಸುಮ್ಕಿರ್ಲಾ. ಅಷ್ಟು ದೂರದಿಂದ ಬಂದಿವ್ನಿ, ಎರಡೂ ಕೇಳ್ಕಂಡೇ ಹೋಗಣ."

ಪಕ್ಕದಲ್ಲಿ ಬಂದೋಬಸ್ತಿಗೆ ನಡೆಯುತ್ತಿದ್ದ ಪೊಲೀಸಪ್ಪ ಅತ್ತ ಇತ್ತ ನೋಡಿ ಮೆಲ್ಲಗೆ ಬಗ್ಗಿದ. "ಅಮ್ಮ, ನಮ್ದು ಪಿರಿಯಾಪಟ್ನ, ಮನೇಲಿ ಹೊಗೆಸೊಪ್ಪೇ ಬೆಳೆಯೋದು. ಅದನ್ನೇ ಇನ್ನೊಂದ್ಸಲ ಕೂಗಿ."

ಹಸುವಿನ ಮಧ್ಯಸ್ಥಿಕೆ

ಇವನ ಅಪ್ಪ ನಮ್ಮ ಮನೆಗೆ ಬಾರದಿದ್ದರೂ ನಾವು ಅಂತರಸಂತೆಗೆ ಹೋಗುವುದನ್ನು ಬಿಡಲಿಲ್ಲ. ಅವರು ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಮನೆಗೆ ಬಂದವರನ್ನು ಮಾತಾಡಿಸದೆ ಕಳಿಸುವುದೂ ಆ ಯಜಮಾನರಿಗೆ ಆಗದು. ಅದಕ್ಕೆ ಅವರು ಒಂದು ದಾರಿ ಕಂಡುಕೊಂಡಿದ್ದರು. ಜಗಲಿಯ ಪಕ್ಕ ಕಟ್ಟಿದ್ದ ಹಸುವಿನ ಜೊತೆ ಮಾತಾಡುತ್ತಿದ್ದರು.

"ಹುಣ್ಸೂರ್ ಕಡೆ ಮಳೆ ಆಯ್ತೇನವ್ವ?" ಎಂದು ಹಸುವಿನ ಬೆನ್ನು ಸವರುವರು.

ನಾನೂ ಹಸುವನ್ನೇ ನೋಡಿ, "ನೆನ್ನೆ ಹದವಾಗಿ ಆಯ್ತು ಕಣವ್ವ" ಅನ್ನುವೆ.

"ಕಾಫಿ ಕುಡೀತಾರೇನೋ ಕೇಳವ್ವ."

"ಕುಡೀತೀನಿ ಕಣವ್ವ. ಸಕ್ಕರೆ ಕಮ್ಮಿ ಇರ್ಲಿ."

ಹೀಗೇ ಕೆಲವು ಹಬ್ಬ ಕಳೆದವು. ಒಂದು ಸಲ ನಾವು ಹೋದಾಗ ಹಸು ಮೇಯಲು ಹೋಗಿತ್ತು. ಯಜಮಾನರು ಜಗಲಿಗೆ ಬಂದು ಬರಿ ಗೂಟವನ್ನು ನೋಡಿದರು. ಕೆಮ್ಮಿದರು. ಟವಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ಕೊನೆಗೆ ಬೇರೆ ದಾರಿ ಕಾಣದೆ ನನ್ನ ಮುಖ ನೋಡಿದರು. ಇವನು ಉಸಿರು ಬಿಗಿ ಹಿಡಿದು ನಿಂತಿದ್ದ. ಅಪ್ಪ ನನ್ನೊಡನೆ ಆಡುವ ಮೊದಲ ಮಾತಿಗಾಗಿ ಅವನು ಎಷ್ಟು ಕಾದಿದ್ದನೋ ನನಗೆ ಗೊತ್ತು.

"ಹಸ ಬರೋದು ಸಂಜೆ ಆಯ್ತದೆ. ಅಲ್ಲೀಗಂಟ ಕುಂತಿರಿ" ಎಂದು ಹೇಳಿ ಒಳಗೆ ಹೋದರು.

ಬೀಗರು

ಇಬ್ಬರು ಗಂಡಸರ ಮದುವೆಗೆ ತಾನು ಕಾನೂನು ಮಾಡಲಾಗದು, ಅದನ್ನು ಪಾರ್ಲಿಮೆಂಟೇ ನೋಡಿಕೊಳ್ಳಲಿ ಎಂದು ಕೋರ್ಟ್ ಹೇಳಿದ ದಿನ ನಾವಿಬ್ಬರೂ ಬಹಳ ನೊಂದೆವು. ನಾಳೆ ಒಬ್ಬ ಆಸ್ಪತ್ರೆಯಲ್ಲಿ ಮಲಗಿದರೆ, ನೀನು ಇವನಿಗೆ ಏನಾಗಬೇಕು ಅಂತ ಕೇಳುತ್ತಾರೆ. ಏನು ಹೇಳುವುದು? ಊರಿಗೆಲ್ಲ ಮದುವೆ ಚಪ್ಪರ ಹಾಕುವ ನನಗೆ ಅಂದು ಅಂಗಡಿ ಬಾಗಿಲು ತೆಗೆಯಲೂ ಮನಸ್ಸಾಗಲಿಲ್ಲ.

ಅವ್ವ ಪಕ್ಕಕ್ಕೆ ಬಂದು ಕೂತಳು. "ಮದ್ವೆ ಆಗಕ್ಕಿಲ್ಲ ಅಂದ್ರಾ?"

"ಊಂ ಕಣವ್ವ."

"ಬೀಗರೂಟ?"

"ಅದರ ಬಗ್ಗೆ ಏನೂ ಹೇಳಿಲ್ಲ."

"ಅಂಗಾರೆ ಒಳ್ಳೇ ಕುರಿಮರಿ ನೋಡು."

ಇವನು ಅಪ್ಪನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬೀಗರೂಟಕ್ಕೆ ಬರಬೇಕು ಎಂದ. ಬೈಗುಳ ಬರುತ್ತದೆ ಅಂತ ನಾವು ತಲೆ ತಗ್ಗಿಸಿ ಕಾದೆವು.

"ಬೀಗರೂಟ ಆಕೋದು ಗಂಡಿನ ಮನೆಯೋರು" ಎಂದರು ಕೊನೆಗೆ. "ನಾನು ಅಲ್ಲಿಗೆ ಬಂದು ಉಂಡ್ರೆ ಹೆಣ್ಣಿನ ಕಡೆಯೋನು ಅಂತ ಆಯ್ತದೆ. ನಾನು ಹೆತ್ತಿರೋದು ಗಂಡುಮಗನ್ನ ಕಣ್ಲಾ. ಅವರೇ ಬಂದು ಇಲ್ಲಿ ಉಣ್ಲಿ."

ಅವ್ವ ಫೋನ್ ಕಿತ್ತುಕೊಂಡಳು. "ನಾನೇನ್ ಹೆಣ್ ಹೆತ್ತಿದೀನಾ? ನಂದೂ ಗಂಡೇ ಕಣ್ರೀ."

ಇಬ್ಬರೂ ಗಂಡಿನ ಕಡೆಯವರು ಅಂತ ಜಗಳಕ್ಕೆ ಬಿದ್ದರು. ಇವನು ನನ್ನ ತೋಳು ಹಿಡಿದು ಅಲ್ಲಾಡಿಸಿದ. ನಾವು ಜೊತೆಗಿರುವುದರ ಬಗ್ಗೆ ಅಪ್ಪ ಒಂದು ಆಕ್ಷೇಪಣೆಯನ್ನೂ ಎತ್ತಿರಲಿಲ್ಲ. ಕೊನೆಗೆ ಅವ್ವನೇ ತಗ್ಗಿ, "ಮದ್ಲು ನಮ್ಮಲ್ಲಿ, ಆಮೇಲೆ ನಿಮ್ಮಲ್ಲಿ" ಎಂದಳು. "ನೋಡಣ ಬುಡಿ" ಎಂದು ಅವರು ಫೋನ್ ಇಟ್ಟರು.

ಊಟದ ದಿನ ನಮ್ಮ ಮನೆ ಮುಂದೆ ನನ್ನದೇ ಶಾಮಿಯಾನ ಹಾಕಿಸಿದೆ. ನೆಂಟರು, ಬೀದಿಯವರು ಬಂದು ಕೂತರು. ಬೀಗರಿಲ್ಲದೆ ಎಲೆ ಹಾಕುವುದಿಲ್ಲ ಅಂತ ಅವ್ವ ಪಟ್ಟು ಹಿಡಿದಳು. ಇವನು ಹತ್ತಾರು ಸಲ ರಸ್ತೆಗೆ ಹೋಗಿ ಬಂದ. ಎಲ್ಲರಿಗೂ ಹಸಿವು ತಡೆಯಲಾಗದ ಹೊತ್ತಿಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ಯಜಮಾನರು ಬಿಳಿ ಪಂಚೆಯಲ್ಲಿ ಇಳಿದರು.

ಪಂಕ್ತಿಯ ಮೊದಲ ಎಲೆಗೆ ಕೂರಿಸಿದೆವು. ಇವನೇ ಸಾರಿನ ಬಕೀಟು ಹಿಡಿದು ಅಪ್ಪನ ಮುಂದೆ ನಿಂತ. ಅವರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಆಮೇಲೆ ಕೈ ನಿಲ್ಲಿಸಿದರು. ಇಡೀ ಶಾಮಿಯಾನ ಅವರ ಕಡೆ ತಿರುಗಿತು.

"ಉಪ್ಪು ಕಮ್ಮಿ" ಎಂದರು ನಮ್ಮವ್ವನನ್ನು ನೋಡಿ. "ಅಲ್ಲಾ ಬೀಗರೆ, ಮಗನ್ನ ಕೊಟ್ಟ ಮನೇಲಿ ನಂಗೆ ಸಪ್ಪೆ ಸಾರು ಬಡ್ಸುದ್ರು ಅಂದ್ರೆ, ನಾನು ಊರಲ್ಲಿ ತಲೆ ಎತ್ಕಂಡ್ ತಿರ್ಗೋದೆಂಗೆ?"

ಮಗನನ್ನು ಕೊಟ್ಟ ಮನೆ. ಅಂಥದೊಂದು ಮಾತು ಇದೆ ಅಂತಲೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಇವನಂತೂ ಬಕೀಟಿನ ಮೇಲೆ ಬಗ್ಗಿದವನು ಹಾಗೇ ಬಿಕ್ಕಿ ಬಿಕ್ಕಿ ಅಳತೊಡಗಿದ.

ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು. "ಒಸಿ ತಡೀರಿ ಬೀಗರೆ. ನಿಮ್ ಮಗ ಬಕೀಟಿಗೇ ಅಳ್ತಾವ್ನೆ, ಉಪ್ಪು ಈಗ ಸರಿ ಆಯ್ತದೆ."